ಮೆಟ್ಟಿಲ ಪಾಳಿ

ಊರಿನ ಅರ್ಧ ಜನಕ್ಕೆ ಅವನ ದನಿ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ಖಾಸಗಿ ಬಸ್ಸುಗಳ ನಿಲ್ದಾಣದ ಮಹಡಿಯಲ್ಲಿ ಮೂರು ಕಡೆ ಗಾಜಿರುವ ಪುಟ್ಟ ಗೂಡೊಂದಿತ್ತು. ಅದರೊಳಗೆ ಕೂತು, ಯಾವ ಬಸ್ಸು ಎಲ್ಲಿ ಬಂದು ನಿಲ್ಲುತ್ತದೆ, ಯಾವುದು ಇವತ್ತು ಬರುವುದೇ ಇಲ್ಲ ಎಂಬುದನ್ನು ಒಂದೇ ಸಮಾಧಾನದಲ್ಲಿ ಹೇಳುವುದು ಅವನ ಕಸುಬು. ಬಸ್ಸು ರದ್ದಾದ ಸುದ್ದಿಯೂ ಅವನ ಬಾಯಲ್ಲಿ ಬೆಣ್ಣೆ ಸವರಿಕೊಂಡು ಬರುತ್ತಿತ್ತು. ಬೈಯಲೆಂದು ತೆರೆದ ಬಾಯಿಗಳು ಹಾಗೇ ಮುಚ್ಚಿಕೊಂಡು ಮುಂದಿನ ಬಸ್ಸಿಗೆ ಕಾಯುತ್ತಿದ್ದವು. ಜನ ಅವನನ್ನು ಮೈಕಣ್ಣ ಎಂದು ಕರೆದರು. ತಾಯಿ ಇಟ್ಟ ಹೆಸರು ಸಂಬಳದ ದಿನ ಮಾತ್ರ ನೆನಪಾಗುತ್ತಿತ್ತು.

ಆ ದನಿಗೆ ಒಂದು ರೋಗವಿತ್ತು. ಯಾರು ಏನು ಬರೆದುಕೊಟ್ಟರೂ ಅದನ್ನು ನಂಬಿಕೆ ಬರುವಂತೆ ಓದಿಬಿಡುತ್ತಿತ್ತು. ಸ್ವಂತದ್ದೊಂದು ಮಾತು ಆಡಬೇಕಾಗಿ ಬಂದಾಗ ಮಾತ್ರ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು.

ಅವನ ಜೊತೆ ಬಾಳಿದವನು ಹಲ್ಲಿನ ಸೆಟ್ಟು ಮಾಡುವವನು. ಬೀದಿಯ ತಿರುವಿನಲ್ಲಿ ಅವನ ಅಂಗಡಿ: ಒಂದು ಮೇಜು, ಒಂದು ಒರಗು ಕುರ್ಚಿ, ಎಲ್ಲದರ ಮೇಲೂ ಹಿಟ್ಟಿನಂತೆ ಕೂತ ಪ್ಲಾಸ್ಟರ್ ಪುಡಿ, ಬಿಸಿಮಾಡಿದ ಮೇಣದ ವಾಸನೆ. ಗಾಜಿನ ಕಪಾಟಿನಲ್ಲಿ ಸಾಲು ಸಾಲು ದವಡೆಗಳು, ಮುಖಗಳು ಬರುವುದನ್ನು ಕಾಯುತ್ತಿರುವಂತೆ. ಅವನನ್ನು ದಂತಣ್ಣ ಎನ್ನುತ್ತಿದ್ದರು. ಊರಿನ ಮುಖಂಡರು ಯಾವ ಪಕ್ಷದವರೇ ಆಗಲಿ, ಒಂದು ವಯಸ್ಸಾದ ಮೇಲೆ ದಂತಣ್ಣನ ಹಲ್ಲಿನಲ್ಲೇ ನಗಬೇಕಾಗಿತ್ತು.

"ಎರಡೂ ಪಕ್ಷದ ನಗು ನನ್ನ ಕಪಾಟಲ್ಲಿ ಅಕ್ಕಪಕ್ಕ ಕೂತಿರುತ್ತೆ," ಎಂದು ಅವನು ಹೇಳುತ್ತಿದ್ದ. "ಒಂದು ದಿನಾನೂ ಜಗಳ ಆಡಿಲ್ಲ. ಬಾಯಿಗೆ ಹೋದ ಮೇಲೇನೇ ಅವಕ್ಕೆ ಬುದ್ಧಿ ಕೆಡೋದು."

ಇಬ್ಬರೂ ಸೇರಿ ಬಾಡಿಗೆ ಮನೆ ಹುಡುಕಿಕೊಂಡು ಬಂದ ಕಾಲಕ್ಕೆ ಇಬ್ಬರ ತಲೆಯಲ್ಲೂ ಕೂದಲಿತ್ತು. ಓನರಮ್ಮ ಕೆಳಗಿನ ಬಾಗಿಲಲ್ಲಿ ನಿಂತು, ಇವರನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ಅಳೆದು, "ಅಣ್ಣತಮ್ಮಂದಿರಾ?" ಎಂದು ಕೇಳಿದರು. ಕೇಳಿದ್ದರಲ್ಲಿ ಒಂದಿಷ್ಟೂ ಅನುಮಾನ ಇರಲಿಲ್ಲ. ಮಾತು ಮುಂದುವರಿಸಲು ಒಂದು ನೆಪ, ಅಷ್ಟೇ.

ಮೈಕಣ್ಣ "ಹೂಂ" ಎಂದ.

ಅವನು ಜೀವಮಾನದಲ್ಲಿ ಮಾಡಿದ ಅತಿ ಚಿಕ್ಕ ಪ್ರಕಟಣೆ ಅದು. ಇಪ್ಪತ್ತೆರಡು ವರ್ಷ ಎಲ್ಲೂ ನಿಲ್ಲದೆ ಓಡಿತು.

ಮೇಲಿನ ಖಾಲಿ ಕೋಣೆಯಲ್ಲಿ ಪೆಟ್ಟಿಗೆ ಇಳಿಸುತ್ತ ದಂತಣ್ಣ ನಕ್ಕಿದ್ದ. "ನಾನು ನಿನಗಿಂತ ಎರಡು ವರ್ಷ ದೊಡ್ಡೋನು. ಇನ್ನು ಮೇಲೆ ನಾನು ನಿನಗೆ ಅಣ್ಣ. ಅಣ್ಣನ ಮಾತು ಮೀರಬಾರದು. ಹೋಗು, ನೀರು ಕಾಯಿಸು." ನಗುವಾಗ ಗೋಡೆಯ ಕಡೆ ತಿರುಗಿಕೊಂಡಿದ್ದನ್ನು ಮೈಕಣ್ಣ ನೋಡಿದ. ನೋಡಿ, ನೀರು ಕಾಯಿಸಲು ಹೋದ.

ಆ ಕಟ್ಟಡದಲ್ಲಿ ನಾಲ್ಕು ಮನೆ, ಒಂದೇ ಮೆಟ್ಟಿಲು. ವಾರಕ್ಕೊಂದು ಮನೆಯವರು ಮೆಟ್ಟಿಲು ತೊಳೆದು ಒರೆಸಬೇಕೆಂಬುದು ಓನರಮ್ಮನ ಕಾನೂನು. ಅದು ಎಲ್ಲೂ ಬರೆದಿರಲಿಲ್ಲ, ಹಾಗಾಗಿ ತಿದ್ದುಪಡಿಗೂ ಅವಕಾಶ ಇರಲಿಲ್ಲ. ಮೇಲಿನ ಮನೆಗೆ ಮಾತ್ರ ಪಾಳಿ ಮಾಫಿ. "ಅದು ಸಂಸಾರಸ್ಥರ ಕೆಲಸ. ಒಂಟಿ ಗಂಡಸರಿಗೆ ಯಾಕೆ?" ಎಂದು ಅವರು ಮೊದಲ ದಿನವೇ ತೀರ್ಪು ಕೊಟ್ಟಿದ್ದರು. ಒಮ್ಮೆ ಪಕ್ಕದ ಮನೆಯ ಬಸುರಿಯ ಪಾಳಿ ಬಂದಾಗ ದಂತಣ್ಣ ಬಕೆಟ್ಟು ಹಿಡಿದು ಇಳಿದ. ಓನರಮ್ಮ ಓಡಿಬಂದು ಕೈಯಿಂದ ಪೊರಕೆ ಕಿತ್ತುಕೊಂಡರು.

"ಬಿಡಪ್ಪ, ಗಂಡುಮಕ್ಕಳ ಕೈಲಿ ಮೆಟ್ಟಿಲು ತೊಳೆಸಿದೆ ಅಂತ ನನಗೆ ಕೆಟ್ಟ ಹೆಸರು ಬರುತ್ತೆ. ಮದುವೆ ಆಗು, ನಾನೇ ಪಾಳಿ ಹಾಕ್ತೀನಿ."

ದಂತಣ್ಣ ಬಕೆಟ್ಟು ಎತ್ತಿಕೊಂಡು ಮೇಲೆ ಬಂದ. "ಕೇಳಿದ್ಯಾ? ಈ ಊರಲ್ಲಿ ಮೆಟ್ಟಿಲು ತೊಳೆಯೋಕೂ ಮದುವೆ ಆಗಿರಬೇಕಂತೆ," ಎಂದ. ಮಾತು ಹಗುರಾಗಿತ್ತು. ಆದರೆ ಸ್ವಚ್ಛವಾಗಿದ್ದ ಬಕೆಟ್ಟನ್ನು ಅವನು ಮತ್ತೆ ಮತ್ತೆ ತೊಳೆದ.

"ತಡಿ," ಎಂದ ಮೈಕಣ್ಣ. "ನಮ್ಮ ಪಕ್ಷ ಬರಲಿ."

ಅವನ ಪಕ್ಷ ಮುನ್ನಡೆ ಪಕ್ಷ. ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆ ಅದರ ಕಚೇರಿ. ಯಾವ ಗಂಭೀರ ಚರ್ಚೆ ನಡೆದರೂ ಕೆಳಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿ ನೋಡುತ್ತಿದ್ದರು. ಚುನಾವಣೆ ಬಂತೆಂದರೆ ಮೈಕಣ್ಣ ನಿಲ್ದಾಣಕ್ಕೆ ರಜೆ ಹಾಕಿ ಪಕ್ಷದ ವ್ಯಾನು ಹತ್ತುತ್ತಿದ್ದ. ಅವನು ಮೊದಲ ಸಲ ಹತ್ತಿದ್ದು ಒಂದು ಸಾಲಿನ ಆಸೆಗೆ. ಆ ವರ್ಷದ ಪ್ರಣಾಳಿಕೆಯ ಎರಡನೇ ಪುಟದಲ್ಲಿ ಅದು ಇತ್ತು: ಮನಸ್ಸೊಪ್ಪಿ ಒಂದೇ ಸೂರಿನಡಿ ಬಾಳುವ ಇಬ್ಬರು ವಯಸ್ಕರು, ಗಂಡು ಗಂಡಾಗಲಿ, ಹೆಣ್ಣು ಹೆಣ್ಣಾಗಲಿ, ಕಾನೂನಿನ ಕಣ್ಣಿಗೆ ಒಂದು ಸಂಸಾರ. ಬೀದಿ ಬೀದಿಯಲ್ಲಿ ಅದನ್ನು ಓದಿದಾಗ ಅವನ ಬೆನ್ನಹುರಿಯಲ್ಲಿ ತಂಪು ಹರಿದಿತ್ತು. ಬೇರೆಯವರು ಬರೆದದ್ದನ್ನು ಓದುವ ಸುಖದಲ್ಲಿ ತನ್ನದನ್ನೂ ಹೇಳಿಬಿಟ್ಟಂತೆ ಆಗಿತ್ತು.

ಪಕ್ಷ ಸೋತಿತು. ಸೋತದ್ದು ಆ ಸಾಲಿನಿಂದ ಎಂದು ತೀರ್ಮಾನವಾಯಿತು. ಅಭ್ಯರ್ಥಿಗೆ ತನ್ನ ಬೀದಿಯ ನಲ್ಲಿಯಲ್ಲಿ ನೀರು ಯಾವಾಗ ಬರುತ್ತದೆ ಎಂಬುದೇ ಗೊತ್ತಿರಲಿಲ್ಲ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಮುಂದಿನ ಸಲ ಸಾಲು ಕೊನೆಯ ಪುಟಕ್ಕೆ ಹೋಗಿ ಕೂತಿತು, ಮತ್ತೆ ಸೋಲು. ಅದರ ಮುಂದಿನ ಸಲ ಸಾಲೇ ಇರಲಿಲ್ಲ, ಆಗಲೂ ಸೋಲು. "ಜನ ಆ ಸಾಲನ್ನ ಇನ್ನೂ ಮರೆತಿಲ್ಲ ನೋಡಿ," ಎಂದರು ಹಿರಿಯರು. ಕೊನೆಗೆ ಅದರ ಜಾಗಕ್ಕೆ 'ಎಲ್ಲರಿಗೂ ಎಲ್ಲವೂ' ಎಂಬ ಮಾತು ಬಂತು. ಎಲ್ಲರೂ ತಮಗೆ ಬೇಕಾದ್ದನ್ನು ಅದರೊಳಗೆ ಕಾಣಬಹುದಿತ್ತು, ಕನ್ನಡಕ ಹಾಕಿಕೊಂಡು ಹುಡುಕಿದರೆ.

ಈಗಿನ ಅಭ್ಯರ್ಥಿ ವಕೀಲಮ್ಮ ಒಳ್ಳೆಯವರು. ಇಬ್ಬರ ವಿಷಯ ಅವರಿಗೆ ಗೊತ್ತಿತ್ತು. ಮನೆಗೆ ಬಂದು ಊಟ ಮಾಡಿದ್ದರು. "ನಿಮ್ಮಿಬ್ಬರನ್ನ ನೋಡಿದ್ರೆ ನನಗೆ ಕಣ್ಣು ತುಂಬಿ ಬರುತ್ತೆ ಮೈಕಣ್ಣ," ಎನ್ನುತ್ತಿದ್ದರು. ಕಣ್ಣು ತುಂಬಿ ಬರುತ್ತಿದ್ದದ್ದು ನಿಜ. ಪುಟ ತುಂಬಿಸುವಾಗ ಮಾತ್ರ ಜಾಗ ಸಾಲುತ್ತಿರಲಿಲ್ಲ. "ಗೆದ್ದ ಮೇಲೆ ಮೊದಲ ಕೆಲಸ ಅದೇ. ಈಗ ಬಾಯಿಬಿಟ್ಟರೆ ಗೆಲ್ಲೋದೇ ಕಷ್ಟ. ನಿಮಗೆ ಅರ್ಥ ಆಗುತ್ತಲ್ಲ?"

ಮೈಕಣ್ಣನಿಗೆ ಅರ್ಥವಾಗುತ್ತಿತ್ತು. ಅರ್ಥ ಮಾಡಿಕೊಳ್ಳುವುದು ಅವನ ಇನ್ನೊಂದು ರೋಗ.

ಎದುರು ನಿಂತವರು ಮನೆತನ ಪಕ್ಷದ ಕಂಟ್ರಾಕ್ಟರು. ಕುಟುಂಬಗಳು ಒಡೆಯುತ್ತಿವೆ, ಅಣ್ಣ ತಮ್ಮನ ಮುಖ ನೋಡುತ್ತಿಲ್ಲ, ಇದಕ್ಕೆಲ್ಲ ಮುನ್ನಡೆ ಪಕ್ಷವೇ ಕಾರಣ ಎಂಬುದು ಅವರ ಭಾಷಣ. ಅವರ ಸ್ವಂತ ಅಣ್ಣ ಅವರ ಮೇಲೆ ಕೋರ್ಟಿಗೆ ಹೋಗಿದ್ದರಿಂದ, ಭಾಷಣಕ್ಕೆ ಉದಾಹರಣೆ ಹೊರಗಿನಿಂದ ತರಬೇಕಾಯಿತು. ಆಗ ಅವರ ಮಹಿಳಾ ಘಟಕದಲ್ಲಿದ್ದ ಓನರಮ್ಮ ಎದ್ದು ನಿಂತು, "ನನ್ನ ಮೇಲಿನ ಮನೇಲಿ ಇದಾರಲ್ಲ! ಒಂದೇ ಒಲೆ, ಒಂದೇ ಬೀಗದ ಕೈ. ಇಷ್ಟು ವರ್ಷಕ್ಕೆ ಒಂದು ದಿನ ಏರಿದ ದನಿ ಕೇಳಿಲ್ಲ," ಎಂದರಂತೆ.

ಇದೊಂದೂ ಮೈಕಣ್ಣನಿಗೆ ತಿಳಿಯದು. ಅವನು ವ್ಯಾನಿನಲ್ಲಿ ಕೂತು, "ಬದಲಾವಣೆಗಾಗಿ, ಸಮಾನತೆಗಾಗಿ..." ಎಂದು ಓದುತ್ತಿದ್ದ. ಡ್ರೈವರ್ ಬ್ರೇಕು ಹಾಕಿದ.

"ಮೈಕಣ್ಣಾ, ಅಲ್ನೋಡು. ನೀನು ಆ ಕಡೆಗೆ ಯಾವಾಗ ಸೇರಿದೆ?"

ಔಷಧಿ ಅಂಗಡಿಯ ಗೋಡೆ ತುಂಬ ಪೋಸ್ಟರು. ಮೇಲೆ ಕೈಮುಗಿದ ಕಂಟ್ರಾಕ್ಟರು, ಬಾಯಲ್ಲಿ ದಂತಣ್ಣನ ಹಲ್ಲು. ಕೆಳಗೆ ಅವನು ಮತ್ತು ದಂತಣ್ಣ, ಓನರಮ್ಮನ ಮಗಳ ಮದುವೆಯಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತ ಫೋಟೋ. ಬಲಗಡೆ ನಿಂತ ದಂತಣ್ಣ ಇವನ ಕಾಲರಿಗೆ ಅಂಟಿದ ಒಂದು ದಾರದ ಎಳೆಯನ್ನು ಎರಡು ಬೆರಳಲ್ಲಿ ತೆಗೆಯುತ್ತಿದ್ದಾನೆ. 'ಒಡೆಯದ ಮನೆ' ಎಂದು ಕೆಂಪಕ್ಷರ. 'ಇಂಥ ಮನೆಗಳ ರಕ್ಷಣೆಗೆ ಮನೆತನ ಪಕ್ಷ.'

ಆ ಬೆರಳುಗಳನ್ನು ಸರಿಯಾಗಿ ನೋಡಿದ ಯಾರಿಗಾದರೂ ವಿಷಯ ಗೊತ್ತಾಗಬೇಕಿತ್ತು. ಆದರೆ ಪೋಸ್ಟರನ್ನು ಯಾರು ಸರಿಯಾಗಿ ನೋಡುತ್ತಾರೆ? ಮೈಕಣ್ಣ ನೋಡಿದ. ಸಮಾನತೆಗಾಗಿ ಎಂಬಲ್ಲಿಗೆ ನಿಂತ ವಾಕ್ಯ ಅಲ್ಲೇ ನಿಂತಿತು. ವ್ಯಾನಿನ ಮೇಲಿನ ಮೈಕಿನ ಹಾರ್ನು ಗೊಂಯ್ ಎನ್ನುತ್ತಿತ್ತು.

ವ್ಯಾನು ಇಳಿದವನೇ ಅವನು ಅಂಗಡಿಗೆ ಹೋದ. ದಂತಣ್ಣ ಒಂದು ಕೆಳದವಡೆಯನ್ನು ಉಜ್ಜುತ್ತಿದ್ದ.

"ಗೋಡೆ ಮೇಲೆ ನಮ್ಮ ಫೋಟೋ ಇದೆ."

"ಇರಬೇಕು. ಕೇಳಿದ್ರು, ಹೂಂ ಅಂದೆ."

"ಯಾರು ಕೇಳಿದ್ರು?"

"ಕಂಟ್ರಾಕ್ಟರು. ಈ ಕುರ್ಚೀಲೇ ಕೂತಿದ್ರು. ಹೊಸ ಸೆಟ್ಟು ಸರಿ ಕೂರುತ್ತಾ ನೋಡೋಕೆ ಬಂದಿದ್ರು. 'ನಿಮ್ಮ ಅಣ್ಣತಮ್ಮಂದಿರ ಫೋಟೋ ಹಾಕ್ಕೋಬಹುದಾ?' ಅಂದ್ರು. ನಾನು ಅವರ ಬಾಯಿಗೆ ಮೇಣ ತುಂಬಿ, ಸ್ವಲ್ಪ ಯೋಚನೆ ಮಾಡಿ, ಹೂಂ ಅಂದೆ."

"ಯಾಕೆ?"

ದಂತಣ್ಣ ಉಜ್ಜುವುದನ್ನು ನಿಲ್ಲಿಸಿದ. "ಓನರಮ್ಮಂಗೆ ನೀನು ಅಂದಿದ್ದೆಯಲ್ಲ, ಅದೇ ಹೂಂ. ಇಷ್ಟು ವರ್ಷ ಜೋಪಾನವಾಗಿ ಇಟ್ಕೊಂಡಿದ್ದೆ. ವಾಪಸ್ ಕೊಟ್ಟೆ."

"ಇದು ತಮಾಷೆನಾ?"

"ತಮಾಷೆ ಅಲ್ದೆ ಇನ್ನೇನು? ನಿನ್ನ ಪಕ್ಷಕ್ಕೆ ನೀನು ಗಂಟಲು ಹರ್ಕೊಂಡೆ. ಅವರು ಒಂದು ಸಲಾನಾದ್ರೂ ನಮ್ಮಿಬ್ಬರನ್ನ ಒಂದು ಮನೆ ಅಂತ ಅಚ್ಚು ಹಾಕಿಸಿದ್ರಾ? ಇವರು ನೋಡು, ಬಣ್ಣದಲ್ಲಿ ಹಾಕಿಸಿದಾರೆ. ಅದೂ ಔಷಧಿ ಅಂಗಡಿ ಗೋಡೆಗೆ. ಒಳ್ಳೆ ಜಾಗ."

ಇದಕ್ಕೆ ಮೈಕಣ್ಣನಿಗೆ ಉತ್ತರ ಯಾರೂ ಬರೆದುಕೊಟ್ಟಿರಲಿಲ್ಲ.

ಮುನ್ನಡೆ ಪಕ್ಷದ ಕಚೇರಿಯಲ್ಲಿ ಅಂದು ಸಂಜೆ ತುರ್ತು ಸಭೆ. ನಮ್ಮ ದನಿ ಅವರ ಪೋಸ್ಟರಿನಲ್ಲಿ ಏನು ಮಾಡುತ್ತಿದೆ ಎಂದು ಹಿರಿಯರು ಕೆಂಡವಾದರು. ದೂರು ಕೊಡೋಣ ಎಂದರು ಒಬ್ಬರು. ಏನಂತ ಕೊಡುವುದು? ಇವರು ಅಣ್ಣತಮ್ಮ ಅಲ್ಲ ಎಂದು. ಹಾಗಾದರೆ ಯಾರು ಎಂದು ಕೇಳುತ್ತಾರಲ್ಲ? ಕೆಳಗೆ ಯಾರೋ ಸೈಕಲ್ ಗಂಟೆ ಬಾರಿಸಿ ನೋಡಿದರು.

ಆಗ ಬಾಯಿ ತೆರೆದವನು ಸಲಹೆಗಾರ. ದೂರದ ನಗರದಿಂದ ಕರೆಸಿದ್ದ ಅವನು ಯಾವಾಗಲೂ ಎರಡು ಫೋನು ಹಿಡಿದು, ಎರಡರಲ್ಲೂ ಮಾತಾಡದೆ ಕೂತಿರುತ್ತಿದ್ದ. "ಇದು ಸಮಸ್ಯೆ ಅಲ್ಲ, ವರ," ಎಂದ. "ಪ್ರಚಾರದ ಕೊನೇ ದಿನ ಬೆಳಗ್ಗೆ ಬಯಲು ಮಾಡೋಣ. ಕಂಟ್ರಾಕ್ಟರಿಗೆ ಸಾವರಿಸಿಕೊಳ್ಳೋಕೆ ಟೈಮೇ ಇರಬಾರದು. ಅವನ ಆದರ್ಶ ಮನೆ ಎಂಥದ್ದು ಅಂತ ಊರೆಲ್ಲ ಬಿದ್ದು ಬಿದ್ದು ನಗಬೇಕು." ಅಲ್ಲೇ ಒಂದು ಹಾಳೆಯ ಮೇಲೆ ಬರೆದು ಮೈಕಣ್ಣನ ಕೈಗಿತ್ತ.

ಮೈಕಣ್ಣ ಓದಿಕೊಂಡ. 'ಕಂಟ್ರಾಕ್ಟರೇ, ನಿಮ್ಮ ಆದರ್ಶ ಮನೆಯ ಬಾಗಿಲ ಹಿಂದೆ ಏನು ನಡೆಯುತ್ತಿದೆ? ಆ ಇಬ್ಬರು ಗಂಡಸರು ನಿಜಕ್ಕೂ ಅಣ್ಣತಮ್ಮಂದಿರೇ? ಒಂದೇ ಕೋಣೆಯಲ್ಲಿ ಮಲಗುವ ಆ ಗುಟ್ಟೇನು? ಇದೇನಾ ನಿಮ್ಮ ಸಂಸ್ಕಾರ? ಜನ ಕೇಳುತ್ತಿದ್ದಾರೆ, ಉತ್ತರಿಸಿ!'

"ಇದನ್ನ ನಾನು ಓದಬೇಕಾ?"

"ನಿಮ್ಮ ದನೀಲಿ ಬಂದ್ರೇನೇ ಜನ ನಂಬೋದು," ಎಂದ ಸಲಹೆಗಾರ. "ಮುಖದ ಚಿಂತೆ ಬಿಡಿ. ದನಿ ನಮ್ಮದು, ಮುಖ ಅವರ ಪೋಸ್ಟರದ್ದು. ಎರಡಕ್ಕೂ ಸಂಬಂಧ ಇದೆ ಅಂತ ಯಾರಿಗೆ ಗೊತ್ತಿದೆ?"

ಮೈಕಣ್ಣ ವಕೀಲಮ್ಮನ ಕಡೆ ನೋಡಿದ. ಅವರು ಅವನ ತೋಳಿನ ಮೇಲೆ ಕೈಯಿಟ್ಟರು. "ಇದು ನಿಮ್ಮ ವಿರುದ್ಧ ಅಲ್ಲ ಮೈಕಣ್ಣ. ಅವರ ಆಷಾಢಭೂತಿತನದ ವಿರುದ್ಧ."

"ಇದರ ಬದಲು ಆ ಸಾಲನ್ನೇ ಓದಿದ್ರೆ ಮೇಡಂ?"

"ಯಾವ ಸಾಲು?"

ನಿಜವಾಗಿಯೂ ನೆನಪಾಗದೆ ಕೇಳಿದ್ದರು. ಆಮೇಲೆ ನೆನಪಾಗಿ, ಕಣ್ಣು ತುಂಬಿಕೊಂಡು, "ಗೆದ್ದ ಮೇಲೆ," ಎಂದರು.

ಪ್ರಚಾರದ ಮಾತು ಯಾವುದೇ ಇರಲಿ, ಅದನ್ನು ಮೊದಲು ದಂತಣ್ಣನ ಅಂಗಡಿಯಲ್ಲಿ ಒಮ್ಮೆ ಓದಿ ನೋಡುವುದು ಮೈಕಣ್ಣನ ಅಭ್ಯಾಸ. ಎಲ್ಲಿ ಉಸಿರು ಬಿಡಬೇಕು, ಎಲ್ಲಿ ತಡೆಯಬೇಕು ಎಂದು ದಂತಣ್ಣ ತಿದ್ದುತ್ತಿದ್ದ. ಕೊನೆಯ ದಿನದ ಹಿಂದಿನ ಸಂಜೆಯೂ ಅವನು ಒರಗು ಕುರ್ಚಿಯ ತುದಿಯಲ್ಲಿ ಕೂತು, ಹಾಳೆ ಬಿಡಿಸಿ, ಕೆಮ್ಮಿ, ಓದಿದ. ದನಿ ತನ್ನ ಕೆಲಸ ತಾನು ಮಾಡಿತು. 'ಆ ಗುಟ್ಟೇನು' ಎಂಬಲ್ಲಿ ಎಷ್ಟು ಹದವಾಗಿ ತಗ್ಗಿತೆಂದರೆ, ತಮ್ಮ ಮಹಡಿಯಲ್ಲಿ ಏನೋ ಕೆಟ್ಟದ್ದು ನಡೆಯುತ್ತಿದೆ ಎಂದು ಒಂದು ಗಳಿಗೆ ಅವನಿಗೇ ಅನ್ನಿಸಿತು. ಅಲ್ಲಿ ನಡೆಯುತ್ತಿದ್ದದ್ದು ಇಷ್ಟೇ: ಒಬ್ಬ ಅನ್ನಕ್ಕಿಡುತ್ತಿದ್ದ, ಇನ್ನೊಬ್ಬ ಪಾತ್ರೆ ತೊಳೆಯುತ್ತಿದ್ದ, ಮಲಗುವ ಮುಂಚೆ ಬಾಗಿಲು ಹಾಕಿದೆಯಾ ಎಂದು ಇಬ್ಬರೂ ಒಬ್ಬರನ್ನೊಬ್ಬರು ಕೇಳುತ್ತಿದ್ದರು.

ದಂತಣ್ಣ ಕೈಯಲ್ಲಿದ್ದ ದವಡೆಯನ್ನು ಮೇಜಿನ ಮೇಲಿಟ್ಟ.

"ಚೆನ್ನಾಗಿ ಓದಿದೆ," ಎಂದ. "ಕೇಳಿ ನನಗೇ ನಮ್ಮ ಮೇಲೆ ಅಸಹ್ಯ ಬಂತು."

"ಗೆದ್ರೆ ಮಾಡ್ತಾರಂತೆ. ಮೊದಲ ಕೆಲಸಾನೇ ಅದಂತೆ."

"ಇಷ್ಟು ವರ್ಷ ಆದ ಮೇಲೆ ಮೈಕಲ್ಲಿ ಮೊದಲನೇ ಸಲ ನಮ್ಮ ಬಗ್ಗೆ ಮಾತಾಡ್ತಿದೀಯ ನೀನು. ಅದೂ ಚಾಡಿ." ಅವನು ಮೇಜಿನ ಮೇಲಿನ ಪುಡಿಯನ್ನು ಅಂಗೈಯಿಂದ ಒಂದು ಕಡೆಗೆ ಸರಿಸಿದ. "ಕಂಟ್ರಾಕ್ಟರಾದ್ರೂ ಗೊತ್ತಿಲ್ಲದೆ ಹೊಗಳಿದಾನೆ. ನಿಮ್ಮೋರು ಗೊತ್ತಿದ್ದೂ ಉಗೀತಾರೆ. ನಾನು ಇವತ್ತಿಂದ ಇಲ್ಲೇ ಮಲಗ್ತೀನಿ. ನಾಳೆ ನೀನು ಇದನ್ನ ನಮ್ಮ ಬೀದೀಲಿ ಓದಿದ್ರೆ, ಮೇಲಕ್ಕೆ ಇನ್ನು ಬರಲ್ಲ. ಸಿಟ್ಟಿಗೆ ಹೇಳ್ತಿಲ್ಲ. ಅಷ್ಟೆಲ್ಲ ಕೇಳಿಸ್ಕೊಂಡ ಮೇಲೆ ಆ ಬಾಗಿಲು ಹಾಕೋಕೆ ನನಗೆ ಕೈ ಬರಲ್ಲ."

ಅವನು ಮನೆಗೆ ಹೋಗಿ ಒಂದು ದಿಂಬು, ಒಂದು ಟವೆಲು ತಂದು ಕುರ್ಚಿಯ ಮೇಲಿಟ್ಟ. ಕಪಾಟಿನ ಹಲ್ಲುಗಳು ಎಲ್ಲವನ್ನೂ ನೋಡಿ, ತಮ್ಮ ಪದ್ಧತಿಯಂತೆ ನಗುತ್ತಲೇ ಇದ್ದವು.

ಮರುದಿನ ಬೆಳಗ್ಗೆ ವ್ಯಾನು ಅವರ ಬೀದಿಗೆ ಬಂತು. ಮುಂದಿನ ಸೀಟಿನಲ್ಲಿ ಸಲಹೆಗಾರ, ಎರಡು ಫೋನು. ಹಿಂದೆ ಮೈಕಣ್ಣ, ಒಂದು ಹಾಳೆ. ಗುಂಡಿ ಒತ್ತಿದ್ದಾಯಿತು, ಹಾರ್ನು ಎಚ್ಚರಗೊಂಡು ಸಣ್ಣಗೆ ಸಿಳ್ಳೆ ಹಾಕಿತು. ಕಿಟಕಿಗಳಲ್ಲಿ ಒಂದೊಂದಾಗಿ ಮುಖಗಳು ಬಂದವು. ಓನರಮ್ಮ ಬಾಗಿಲಲ್ಲಿ ತರಕಾರಿ ಹೆಚ್ಚುತ್ತ ಕೂತಿದ್ದರು. ಮೈಕಣ್ಣ ತಲೆಯೆತ್ತಿ ತಮ್ಮ ಮಹಡಿಯ ತಂತಿ ನೋಡಿದ. ಯಾವಾಗಲೂ ಎರಡು ಟವೆಲು ಒಣಗುವ ತಂತಿಯಲ್ಲಿ ಒಂದೇ ಟವೆಲು ಇತ್ತು. ಅದು ಗಾಳಿಗೆ ಅತ್ತಿತ್ತ ಸರಿದಾಡಿ, ಪಕ್ಕದಲ್ಲಿ ತಡೆಯುವವರಿಲ್ಲದೆ ತಂತಿಯ ತುದಿಗೆ ಹೋಗಿ ಮುದುಡಿತ್ತು.

ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಅವನು ಹಾಳೆಯನ್ನು ಮಡಚಿ, ಅದರ ಮೇಲೆ ಕೂತ. ಸ್ವಂತ ಮಾತಿಗೆ ಅವನ ಬಳಿ ದನಿಯೇ ಇರಲಿಲ್ಲ. ಇದ್ದದ್ದು ಬಸ್ ನಿಲ್ದಾಣದ್ದೊಂದೇ. ಅದನ್ನೇ ತೆಗೆದ.

"ದಯವಿಟ್ಟು ಗಮನಿಸಿ. ದಯವಿಟ್ಟು ಗಮನಿಸಿ. ಇಪ್ಪತ್ತೆರಡು ವರ್ಷಗಳಿಂದ ತಪ್ಪಾಗಿ ಪ್ರಕಟವಾಗುತ್ತಿರುವ ಒಂದು ಮಾಹಿತಿಯನ್ನು ಸರಿಪಡಿಸಲಾಗುತ್ತಿದೆ. ಗೋಡೆಯ ಮೇಲಿನ ಪೋಸ್ಟರಿನಲ್ಲಿ ಎಡಗಡೆ ನಿಂತಿರುವವನು ನಾನು. ಬಲಗಡೆ ಇರುವವರು ನನ್ನ ಅಣ್ಣ ಅಲ್ಲ. ತಮ್ಮನೂ ಅಲ್ಲ."

ಸಲಹೆಗಾರ ಹಿಂದೆ ತಿರುಗಿದ. "ಏನ್ರೀ ಇದು? ಹಾಳೇಲಿ ಇರೋದು ಓದ್ರಿ!"

"ಅವರು ನಮ್ಮ ಮನೆಯವರು," ಎಂದಿತು ದನಿ, ಬೀದಿಯ ಈ ತುದಿಯಿಂದ ಆ ತುದಿಗೆ. "ಮತ್ತೊಮ್ಮೆ. ಅವರು ನಮ್ಮ ಮನೆಯವರು. ಇದರಿಂದ ಯಾವ ಪಕ್ಷಕ್ಕೂ ಲಾಭ ಇಲ್ಲ. ಓಟು ನಿಮಗೆ ಬೇಕಾದವರಿಗೆ ಹಾಕಿ. ಆಗಿರುವ ಅನಾನುಕೂಲಕ್ಕೆ ವಿಷಾದಿಸುತ್ತೇವೆ."

ಸಲಹೆಗಾರ ಡ್ರೈವರನ ಮೇಲೆ ಬಿದ್ದು ಮೈಕಿನ ಗುಂಡಿ ಆರಿಸಿದ. ಬೀದಿ ಗರಬಡಿದಂತೆ ನಿಂತಿತು. ಒಂದು ಮಗು, ಬಸ್ಸು ಎಲ್ಲಿ ಎಂದು ತಾಯಿಯನ್ನು ಕೇಳಿತು. ಯಾರೋ ನಕ್ಕರು, ಯಾರೋ ಥೂ ಎಂದರು, ಇಬ್ಬರು ಮುದುಕರು ಏನಂದ ಏನಂದ ಎಂದು ಕೇಳಿಕೊಂಡರು. ಓನರಮ್ಮ ಹೆಚ್ಚುತ್ತಿದ್ದ ಚಾಕು ಹಿಡಿದುಕೊಂಡೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ತಿರುವಿನ ಅಂಗಡಿಯಿಂದ ದಂತಣ್ಣ ಹೊರಗೆ ಬಂದ, ಕೈಯಲ್ಲಿ ಯಾರದೋ ಮೇಲ್ದವಡೆ. ವ್ಯಾನಿನ ಬಾಗಿಲಿಗೆ ಬಂದು ನಿಂತ.

"ಮನೆಯವರು ಅನ್ನೋವಾಗ ದನಿ ನಡುಗಿತು," ಎಂದ.

"ಹೂಂ."

"ಆ ಹೂಂ ಇನ್ನು ಬಿಟ್ಬಿಡು ಮಾರಾಯ." ಅವನು ಮೈಕಣ್ಣನ ಕಾಲರಿನಿಂದ ಏನೋ ತೆಗೆದ. ತೆಗೆದದ್ದೇನೂ ಇರಲಿಲ್ಲ, ಪ್ಲಾಸ್ಟರಿನ ಎರಡು ಬೆರಳಿನ ಗುರುತು ಅಲ್ಲಿ ಉಳಿಯಿತು. "ದಿಂಬು ತಗೊಂಡು ಹೋಗು. ಈ ಸೆಟ್ಟು ಮುಗಿಸಿ ಬರ್ತೀನಿ."

ಮಧ್ಯಾಹ್ನದ ಹೊತ್ತಿಗೆ ಮನೆತನ ಪಕ್ಷದವರು ಗೋಡೆ ಗೋಡೆಗೆ ನೀರು ಹೊಡೆದು ಪೋಸ್ಟರು ಕೆರೆಯತೊಡಗಿದರು. ಅಂಟು ಒಳ್ಳೆಯ ಗುಣಮಟ್ಟದ್ದು, ಅದರ ಕಂಟ್ರಾ‍ಕ್ಟೂ ಅವರದೇ. ಕಂಟ್ರಾಕ್ಟರ ಮುಖ ಮೊದಲು ಕಿತ್ತು ಬಂತು. ಕೆಳಗಿನ ಇಬ್ಬರು ಮಾತ್ರ ಜಪ್ಪಯ್ಯ ಎಂದರೂ ಬಿಡಲಿಲ್ಲ. ಸಂಜೆಯ ಕೊನೆಯ ಸಭೆಯಲ್ಲಿ ಕಂಟ್ರಾಕ್ಟರು ತಮ್ಮ ಸಿದ್ಧಾಂತವನ್ನು ಜಗತ್ತಿಗೆ ತೋರಿಸಲು ನಿರ್ಧರಿಸಿದರು. ಆ ಕೈ ಮಾಡಿದ ಹಲ್ಲು ನನ್ನ ಬಾಯಲ್ಲಿ ಬೇಡ ಎಂದು, ವೇದಿಕೆ ಹತ್ತುವ ಮುಂಚೆ ಎರಡೂ ಸೆಟ್ಟು ತೆಗೆದು ಜೇಬಿಗೆ ಹಾಕಿಕೊಂಡರು. ತತ್ವಕ್ಕಾಗಿ ಹಲ್ಲು ಬಿಟ್ಟ ನಾಯಕರನ್ನು ಆ ಊರು ಅದೇ ಮೊದಲು ಕಂಡದ್ದು. ಮುಕ್ಕಾಲು ಗಂಟೆ ಮಾತಾಡಿದರು. ಮುಂದಿನ ಸಾಲಿನವರ ಮುಖಕ್ಕೆ ತುಂತುರು ಬಂತು, ಮಾತು ಯಾರಿಗೂ ತಲುಪಲಿಲ್ಲ.

ಅಲ್ಪ ಅಂತರದಲ್ಲಿ ವಕೀಲಮ್ಮ ಗೆದ್ದರು.

ಗೆದ್ದದ್ದಕ್ಕೆ ತನ್ನ ತಂತ್ರವೇ ಕಾರಣ ಎಂದು ಸಲಹೆಗಾರ ಎರಡೂ ಫೋನಿನಲ್ಲಿ ಹೇಳಿದ. ಮೈಕಣ್ಣನ ಅವಿವೇಕ ಇಲ್ಲದಿದ್ದರೆ ಅಂತರ ಇನ್ನೂ ದೊಡ್ಡದಿರುತ್ತಿತ್ತು ಎಂದರು ಹಿರಿಯರು. ಮೈಕಣ್ಣ ಕಚೇರಿಗೆ ಹೋಗಿ, "ಮೇಡಂ, ಗೆದ್ದಾಯ್ತಲ್ಲ," ಎಂದ. ವಕೀಲಮ್ಮ ಹಾರಗಳ ನಡುವಿನಿಂದ ಕೈಚಾಚಿ ಅವನ ಕೈ ಹಿಡಿದುಕೊಂಡರು. "ಗೆದ್ವಿ, ಆದ್ರೆ ಎಷ್ಟು ಕಮ್ಮೀಲಿ ನೋಡಿದ್ರಲ್ಲ. ಮುಂದಿನ ವರ್ಷ ನಗರಸಭೆ ಚುನಾವಣೆ ಇದೆ. ಅದೊಂದು ಮುಗೀಲಿ." ಕಣ್ಣು ತುಂಬಿತ್ತು. ಕೆಳಗೆ ಸೈಕಲ್ ಗಂಟೆ ಕೇಳಿಸಿತು.

ಮೈಕಣ್ಣ ನಿಲ್ದಾಣದ ಗೂಡಿಗೆ ಹಿಂದಿರುಗಿದ. ಅವನ ದನಿ ಬಂದಾಗ ಕೆಲವರು ಮೇಲೆ ನೋಡಿ ಮೊಣಕೈಯಿಂದ ಪಕ್ಕದವರನ್ನು ತಿವಿದರು. ಆಮೇಲೆ ಬಸ್ಸು ಬಂತು, ಸೀಟು ಹಿಡಿಯಲು ಓಡಿದರು. ಕಂಟ್ರಾಕ್ಟರ ಡ್ರೈವರ್ ಒಂದು ದಿನ ಕರ್ಚೀಫಿನಲ್ಲಿ ಸುತ್ತಿದ ಎರಡು ಸೆಟ್ಟು ತಂದು ದಂತಣ್ಣನ ಮೇಜಿನ ಮೇಲಿಟ್ಟ. "ಸಾಹೇಬ್ರು ಏನೂ ಹೇಳಿಲ್ಲ," ಎಂದ. "ಹೇಳೋಕೆ ಆಗ್ತಿಲ್ಲ. ಸ್ವಲ್ಪ ಸಡಿಲ ಇದೆಯಂತೆ."

ಓನರಮ್ಮ ಮಾತ್ರ ಮಾತು ಬಿಟ್ಟಿದ್ದರು. ಎದುರು ಸಿಕ್ಕರೆ ಸೆರಗು ಸರಿಮಾಡಿಕೊಂಡು ಒಳಗೆ ಹೋಗುತ್ತಿದ್ದರು. ಮನೆ ಖಾಲಿ ಮಾಡಿ ಎನ್ನುತ್ತಾರೆಂದು ಮೈಕಣ್ಣ ದಿನವೂ ಕಾದ. ಇಬ್ಬರೂ ಮೆಟ್ಟಿಲನ್ನು ಕಳ್ಳರಂತೆ ಹತ್ತಿ ಇಳಿದರು. ಕೊನೆಗೊಂದು ಬೆಳಗ್ಗೆ ಅವರು ಬಾಗಿಲು ಬಡಿದರು. ಒಳಗೆ ಬರಲಿಲ್ಲ. ಹೊಸ್ತಿಲ ಆಚೆಯೇ ನಿಂತು, ಸೊಂಟದ ಮೇಲೆ ಕೈಯಿಟ್ಟರು.

"ನನ್ನ ಮುಂದೆ ನಿಂತು ಸುಳ್ಳು ಹೇಳಿದ್ರಲ್ಲ. ನಾನು ಊರಿಗೆಲ್ಲ ಅಣ್ಣತಮ್ಮ ಅಣ್ಣತಮ್ಮ ಅಂತ ಸಾರ್ಕೊಂಡು ಬಂದೆ. ನಮ್ಮ ಘಟಕದಲ್ಲಿ ಮುಖ ಎತ್ತೋ ಹಾಗಿಲ್ಲ."

"ತಪ್ಪಾಯ್ತು ಅಮ್ಮ," ಎಂದ ಮೈಕಣ್ಣ.

"ನನಗೆ ಇದೆಲ್ಲ ಸರಿ ಅನ್ಸಲ್ಲ. ಅನ್ಸೋದೂ ಇಲ್ಲ. ಆ ಮಾತು ಬೇರೆ." ಅವರು ಹಿಂದೆ ಹಿಡಿದಿದ್ದ ಪೊರಕೆಯನ್ನು ಮುಂದೆ ತಂದು ಬಾಗಿಲ ಚೌಕಟ್ಟಿಗೆ ಒರಗಿಸಿದರು. "ಆದ್ರೆ ಸಂಸಾರ ಅಂತ ಊರಿಗೆಲ್ಲ ಡಂಗುರ ಹೊಡೆದಿದೀರಲ್ಲ? ಇಷ್ಟು ವರ್ಷ ಒಂಟಿ ಗಂಡಸರು ಅಂತ ಪುಕ್ಕಟೆ ಓಡಾಡಿದ್ದು ಸಾಕು. ಈ ವಾರ ನಿಮ್ಮ ಪಾಳಿ. ಮೂಲೆ ಬಿಡದೆ ತಿಕ್ಕಬೇಕು. ಮುಂದಿನ ವಾರ ನಾವು, ಆಮೇಲೆ ಕೆಳಗಿನ ಮನೆಯವರು, ಆಮೇಲೆ ಪಕ್ಕದವರು, ಆಮೇಲೆ ತಿರುಗಿ ನೀವು."

ಅವರು ಇಳಿದುಹೋದ ಮೇಲೂ ದಂತಣ್ಣ ಪೊರಕೆಯನ್ನು ನೋಡುತ್ತ ನಿಂತಿದ್ದ. ಆಮೇಲೆ ಬಕೆಟ್ಟು ಹುಡುಕಲು ಹೋದ. ಅದು ಇಟ್ಟಲ್ಲೇ ಇತ್ತು. ಅವನಿಗೆ ಕಾಣಿಸಲು ಸ್ವಲ್ಪ ಹೊತ್ತು ಹಿಡಿಯಿತು.

ರಜೆಯ ದಿನ ಇಬ್ಬರೂ ಸೇರಿ ಮೆಟ್ಟಿಲು ತೊಳೆದರು. ದಂತಣ್ಣ ಹಲ್ಲು ಉಜ್ಜುವ ಸಣ್ಣ ಬ್ರಷ್ಷು ತಂದು ಮೂಲೆಗಳನ್ನು ತಿಕ್ಕಿದ. ಮೈಕಣ್ಣ ಮೇಲಿನಿಂದ ನೀರು ಬಿಡುತ್ತ, "ನೀರು ಮೂರನೇ ಮೆಟ್ಟಿಲಿಗೆ ಆಗಮಿಸಲಿದೆ," ಎಂದು ಪ್ರಕಟಿಸಿದ. ಪಕ್ಕದ ಮನೆಯಾಕೆ ಬಾಗಿಲು ತೆರೆದು, ನೋಡಿ, ನಗಬೇಕೋ ಬೇಡವೋ ತಿಳಿಯದೆ ಅರ್ಧ ಮುಚ್ಚಿಕೊಂಡಳು. ಕೊನೆಯ ಮೆಟ್ಟಿಲು ಒರೆಸುವ ಹೊತ್ತಿಗೆ ಬೀದಿಯಲ್ಲಿ ಗದ್ದಲವೆದ್ದಿತು. ತಡವಾಗಿ ಈ ಬೀದಿಗೆ ಬಂದ ವಿಜಯದ ಮೆರವಣಿಗೆ. ವಕೀಲಮ್ಮ ಮನೆ ಮನೆಗೆ ಧನ್ಯವಾದ ಹೇಳುತ್ತ ಬರುತ್ತಿದ್ದರು, ಹಿಂದೆ ಕೆಸರು ತುಳಿದ ಜನ.

ಅವರು ಒಳಗೆ ಬಂದು, ಹೊಸದಾಗಿ ನೇಮಕವಾದ ಕಾರ್ಯದರ್ಶಿಯ ಕಡೆ ತಿರುಗಿದರು. "ಇವರೇ ನಮ್ಮ ಮೈಕಣ್ಣ. ಪಕ್ಷದ ದನಿ. ಮತ್ತೆ ಇವರು ಅವರ..." ಕೋರ್ಟಿನಲ್ಲಿ ಎಂದೂ ತಡವರಿಸದ ಬಾಯಿ ಅಲ್ಲಿ ನಿಂತಿತು. "ಇವರು ಅವರ... ತುಂಬಾ ಕಾಲದಿಂದ ಜೊತೇಲಿ... ನಮ್ಮ ಹಿತೈಷಿ..."

"ಮನೆಯವರು," ಎಂದರು ಓನರಮ್ಮ ಒಳಗಿನಿಂದ, ತರಕಾರಿ ಹೆಚ್ಚುವುದನ್ನು ನಿಲ್ಲಿಸದೆ. "ಬೇಗ ಹೇಳಿ ಮುಗಿಸ್ರಮ್ಮ, ಬಾಗಿಲಿಗೆ ಅಡ್ಡ ನಿಂತಿದೀರ."

ವಕೀಲಮ್ಮ ನಕ್ಕರು, ಕೆಂಪಾದರು, ಮೇಲೆ ಹೋಗೋಣ ಎಂದು ಒಂದು ಕಾಲೆತ್ತಿದರು. ಹಿಂದಿನ ಜನವೂ ಒಟ್ಟಿಗೆ ಕಾಲೆತ್ತಿತು.

ದಂತಣ್ಣ ಒದ್ದೆ ಬಟ್ಟೆಯನ್ನು ಮೆಟ್ಟಿಲಿಗೆ ಅಡ್ಡ ಹಿಡಿದ.

"ಎಲ್ಲರೂ ಚಪ್ಪಲಿ ಕೆಳಗೆ ಬಿಟ್ಟು ಬನ್ನಿ ಮೇಡಂ," ಎಂದ. "ಈ ವಾರ ನಮ್ಮ ಪಾಳಿ."